ಮಳೆ, ದೊಂದಿ, ಚೆಂಡೆ: ನಮ್ಮ ಕಡೆಯ ಸಿನಿಮಾ ಮನೆಯ ಟಿವಿಯಲ್ಲಿ ಸಪ್ಪೆಯಾಗುವುದು ಯಾಕೆ

ಮಂಗಳೂರು-ಉಡುಪಿ ಕಡೆಯ ಕತೆ ಇರುವ ಸಿನಿಮಾಗಳಲ್ಲಿ ಮೂರು ಸಂಗತಿ ಹೆಚ್ಚುಕಮ್ಮಿ ತಪ್ಪುವುದಿಲ್ಲ: ರಾತ್ರಿ, ನೀರು, ವಾದ್ಯ. ಭೂತಕೋಲ ನಡೆಯುವುದು ದೊಂದಿಯ ಬೆಳಕಿನಲ್ಲಿ, ಹೊಡೆದಾಟ ಮಳೆಯಲ್ಲಿ, ರಾಜಿ ಪಂಚಾತಿಕೆ ಕಡಲ ಬದಿಯಲ್ಲಿ. ಹಿಂದಿನಿಂದ ಚೆಂಡೆಯೋ ತಾಸೆಯೋ ಕೇಳುತ್ತಲೇ ಇರುತ್ತದೆ. ಅಂಗಡಿಯಿಂದ ತಂದ ಟಿವಿ ಪೆಟ್ಟಿಗೆಯಿಂದ ತೆಗೆದ ಹಾಗೆಯೇ ಇದ್ದರೆ ಮೊದಲು ಕೆಡಿಸುವುದೂ ಇವೇ ಮೂರನ್ನು. ಥಿಯೇಟರಿನಲ್ಲಿ ಮೈ ಜುಮ್ಮೆಂದ ದೃಶ್ಯ ಮನೆಯಲ್ಲಿ ಏನೂ ಅನ್ನಿಸಲಿಲ್ಲ ಎಂದು ಹೇಳುವವರು ತುಂಬಾ ಮಂದಿ. ನಿರ್ದೇಶಕರನ್ನು ದೂರುವ ಮೊದಲು ಒಮ್ಮೆ ಟಿವಿಯ ಮೆನು ತೆರೆದು ನೋಡಿ. ಹೆಚ್ಚಿನ ತಿದ್ದುಪಡಿಗಳಿಗೆ ರಿಮೋಟ್ ಸಾಕು, ಖರ್ಚು ಏನೂ ಇಲ್ಲ.

ಪರೀಕ್ಷೆಗೆ ‘ಕಾಂತಾರ’ದಷ್ಟು ಒಳ್ಳೆಯ ಸಿನಿಮಾ ಬೇರೆ ಸಿಗಲಿಕ್ಕಿಲ್ಲ. 2022ರ ಸೆಪ್ಟೆಂಬರ್ 30ರಂದು ತೆರೆಕಂಡ ಇದನ್ನು ರಿಷಬ್ ಶೆಟ್ಟಿ ಕುಂದಾಪುರ ಕಡೆಯ ತಮ್ಮ ಊರು ಕೆರಾಡಿಯಲ್ಲೇ ಚಿತ್ರೀಕರಿಸಿದರು. ಅದರ ಅಭಿನಯಕ್ಕೆ 70ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಶ್ರೇಷ್ಠ ನಟ ಪ್ರಶಸ್ತಿಯೂ ಬಂತು. ಕತೆ ಜಮೀನ್ದಾರ, ಒಕ್ಕಲು, ಅರಣ್ಯ ಇಲಾಖೆ ಎಂಬ ಪರಿಚಿತ ದಾರಿಯಲ್ಲೇ ಸಾಗುತ್ತದೆ, ನಡುವಿನ ಪ್ರೇಮಪ್ರಸಂಗ ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಆದರೆ ಕೊನೆಯ ಹೊಡೆದಾಟ ಮತ್ತು ಅದರ ಬೆನ್ನಿಗೇ ಬರುವ ಕೋಲ ಕನ್ನಡ ಸಿನಿಮಾದಲ್ಲಿ ಹಿಂದೆ ನೋಡಿದ್ದಕ್ಕೆ ಹೋಲಿಸಲು ಬರುವುದಿಲ್ಲ. ಅರವಿಂದ್ ಎಸ್. ಕಶ್ಯಪ್ ಅವರ ಛಾಯಾಗ್ರಹಣದಲ್ಲಿ ಆ ರಾತ್ರಿಗಳೆಲ್ಲ ಬೆಂಕಿಯ ಬಣ್ಣದವು. ಮುಖದ ಮೇಲಿನ ಹಳದಿ, ಎಳೆ ತೆಂಗಿನ ಗರಿಯ ಸಿರಿ, ಅದರ ಹಿಂದೆ ಗಾಢ ಕತ್ತಲೆ. ಆ ಕತ್ತಲೆಯೊಳಗೂ ನಿಂತ ಜನರ ಮುಖ ಅಲ್ಪಸ್ವಲ್ಪ ಕಾಣಬೇಕು. ದೃಶ್ಯದ ಗಾಂಭೀರ್ಯ ಇರುವುದೇ ಆ ಅಲ್ಪಸ್ವಲ್ಪದಲ್ಲಿ.

ಟಿವಿ ಸಾಮಾನ್ಯವಾಗಿ ‘ವಿವಿಡ್’, ‘ಡೈನಾಮಿಕ್’ ಅಥವಾ ‘ಸ್ಟ್ಯಾಂಡರ್ಡ್’ ಮೋಡಿನಲ್ಲಿ ಬರುತ್ತದೆ. ಟ್ಯೂಬ್‌ಲೈಟುಗಳ ಅಂಗಡಿಯಲ್ಲಿ ಎದ್ದು ಕಾಣಲೆಂದು ಮಾಡಿದ ಸೆಟ್ಟಿಂಗ್ ಅದು. ಬಣ್ಣದ ಉಷ್ಣತೆ ನೀಲಿಯ ಕಡೆಗೆ ವಾಲಿರುತ್ತದೆ, ಹಾಗಾಗಿ ದೊಂದಿಯ ಕೆಂಪು-ಹಳದಿ ಬೆಳಕು ಬಿಳಿಚಿಕೊಳ್ಳುತ್ತದೆ. ಕಾಂಟ್ರಾಸ್ಟ್ ಎತ್ತಿರುವುದರಿಂದ ಹಳದಿ ಬಳಿದ ಮುಖದ ಗೆರೆಗಳೆಲ್ಲ ಕರಗಿ ಒಂದೇ ಪಟ್ಟಿಯ ಹಾಗೆ ಕಾಣುತ್ತವೆ. ಹಿಂದೆ ನಿಂತ ಜನ ಪೂರ್ತಿ ಕಪ್ಪಾಗಿ ಮಾಯ.

ಮೊದಲು ಪಿಕ್ಚರ್ ಮೋಡನ್ನು ‘ಸಿನೆಮಾ’, ‘ಮೂವಿ’ ಅಥವಾ ‘ಫಿಲ್ಮ್‌ಮೇಕರ್ ಮೋಡ್’ಗೆ ಹಾಕಿ. ಮೊದಲ ಎರಡು ದಿನ ಎಲ್ಲ ಹಳದಿಯಾಗಿ, ಮಂಕಾಗಿ ಕಾಣುತ್ತದೆ ಎಂದು ಮನೆಯವರು ತಕರಾರು ಮಾಡುವುದು ಖಂಡಿತ. ಕಣ್ಣು ಹೊಂದಿಕೊಳ್ಳಲಿ, ಮೂರನೆಯ ದಿನ ಹಳೆಯ ಮೋಡಿಗೆ ಹಾಕಿ ನೋಡಿದರೆ ಆಸ್ಪತ್ರೆಯ ಬೆಳಕಿನಂತೆ ಕಾಣುತ್ತದೆ. ನಂತರ ‘ಡೈನಾಮಿಕ್ ಕಾಂಟ್ರಾಸ್ಟ್’, ‘ನಾಯ್ಸ್ ರಿಡಕ್ಷನ್’, ‘ಪವರ್ ಸೇವಿಂಗ್’ ಮತ್ತು ಕೋಣೆಯ ಬೆಳಕಿಗೆ ತಕ್ಕ ಹಾಗೆ ತಾನೇ ಏರಿಳಿಯುವ ಸೆನ್ಸರ್, ಈ ನಾಲ್ಕನ್ನೂ ಆಫ್ ಮಾಡಿ. ಪವರ್ ಸೇವಿಂಗ್ ಆನ್ ಇದ್ದರೆ ಕತ್ತಲೆಯ ದೃಶ್ಯ ಬಂದಾಗ ಬ್ಯಾಕ್‌ಲೈಟ್ ಇನ್ನಷ್ಟು ಇಳಿದು ಏನೂ ಕಾಣುವುದಿಲ್ಲ. ಶಾರ್ಪ್‌ನೆಸ್ ಎಲ್‌ಜಿ, ಸ್ಯಾಮ್‌ಸಂಗ್‌ನಲ್ಲಿ 0ಯಿಂದ 10ರ ಒಳಗೆ ಸಾಕು. ಸೋನಿಯಲ್ಲಿ ಮಾತ್ರ ಯಥಾಸ್ಥಿತಿ ಎಂದರೆ 50, ಅದಕ್ಕಿಂತ ಇಳಿಸಿದರೆ ಚಿತ್ರ ಮಸುಕಾಗುತ್ತದೆ.

‘ಬ್ರೈಟ್‌ನೆಸ್’ ಮತ್ತು ‘ಬ್ಯಾಕ್‌ಲೈಟ್’ ಎರಡನ್ನೂ ಒಂದೇ ಎಂದು ತಿಳಿದು ಗೊಂದಲವಾಗುವುದು ಹೆಚ್ಚು. ಹಲವು ಟಿವಿಗಳಲ್ಲಿ ಬ್ರೈಟ್‌ನೆಸ್ ಎಂದರೆ ಕಪ್ಪಿನ ಮಟ್ಟ, ಬ್ಯಾಕ್‌ಲೈಟ್ ಎಂದರೆ ಒಟ್ಟು ಬೆಳಕು. ಸೋನಿಯ ಈಚಿನ ಮಾದರಿಗಳಲ್ಲಿ ಕಪ್ಪಿನ ಮಟ್ಟಕ್ಕೆ ‘ಬ್ಲ್ಯಾಕ್ ಲೆವೆಲ್’ ಎಂದೇ ಹೆಸರು, ಅಲ್ಲಿ ಬ್ರೈಟ್‌ನೆಸ್ ಎಂದರೆ ಬ್ಯಾಕ್‌ಲೈಟೇ. ಸರಿಮಾಡುವ ಕ್ರಮ ಹೀಗೆ: ರಾತ್ರಿ ಕೋಣೆಯ ದೀಪ ಮಂದ ಮಾಡಿ, ಕೋಲದ ದೃಶ್ಯದಲ್ಲಿ ಕಪ್ಪು ಕೂದಲು ಕತ್ತಲೆಗೆ ತಾಗಿಕೊಂಡಿರುವ ಒಂದು ಫ್ರೇಮಿನಲ್ಲಿ ನಿಲ್ಲಿಸಿ. ಕಪ್ಪಿನ ಮಟ್ಟವನ್ನು ಒಂದೊಂದೇ ಅಂಕ ಏರಿಸುತ್ತಾ ಹೋಗಿ. ಕೂದಲು ಕತ್ತಲೆಯಿಂದ ಬೇರೆಯಾಗಿ ಕಂಡ ಕೂಡಲೇ ನಿಲ್ಲಿಸಿ. ಇನ್ನೂ ಏರಿಸಿದರೆ ಕತ್ತಲೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಕೋಣೆಗೆ ತಕ್ಕಂತೆ ಬ್ಯಾಕ್‌ಲೈಟ್ ಹೊಂದಿಸಿಕೊಳ್ಳಿ. ಹಗಲಿಗೊಂದು ರಾತ್ರಿಗೊಂದು ಬೇಕಾಗಿ ಬರಬಹುದು, ತಪ್ಪೇನಿಲ್ಲ.

ಕಡಿಮೆ ದರದ 4ಕೆ ಟಿವಿ ಇದ್ದವರಿಗೆ ಇನ್ನೊಂದು ತೊಡಕು ಉಂಟು. ಪೆಟ್ಟಿಗೆಯ ಮೇಲೆ ಎಚ್‌ಡಿಆರ್ (ಬೆಳಕು-ಕತ್ತಲೆಯ ಅಂತರವನ್ನು ಹೆಚ್ಚು ತೋರಿಸುವ ವಿಧಾನ) ಎಂದು ಬರೆದಿದ್ದರೂ ಪರದೆಗೆ ಅಷ್ಟು ಬೆಳಕು ಚೆಲ್ಲುವ ಶಕ್ತಿ ಇರುವುದಿಲ್ಲ. ಆಗ ಎಚ್‌ಡಿಆರ್ ಆವೃತ್ತಿ ಸಾಮಾನ್ಯ ಆವೃತ್ತಿಗಿಂತ ಕಪ್ಪಾಗಿ ಕಾಣುತ್ತದೆ. ಫೈರ್ ಟಿವಿ ಸ್ಟಿಕ್ ಇದ್ದರೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಡೈನಾಮಿಕ್ ರೇಂಜ್ ಎಂಬಲ್ಲಿ ಎಚ್‌ಡಿಆರ್ ನಿಲ್ಲಿಸಿ, ಅದೇ ದೃಶ್ಯ ಮತ್ತೊಮ್ಮೆ ನೋಡಿ. ಯಾವುದು ಚಂದ ಎಂದು ಆಗ ನಿಮಗೇ ತಿಳಿಯುತ್ತದೆ.

ಇನ್ನು ಚಲನೆ. ಸಿನಿಮಾ ಸೆಕೆಂಡಿಗೆ 24 ಫ್ರೇಮಿನಲ್ಲಿ ಓಡುತ್ತದೆ. ಟಿವಿ ತಾನಾಗಿ ನಡುವೆ ಹೊಸ ಫ್ರೇಮುಗಳನ್ನು ಊಹಿಸಿ ತುರುಕಿದರೆ ದೊಡ್ಡ ಸಿನಿಮಾವೂ ಸ್ಟುಡಿಯೋದಲ್ಲಿ ತೆಗೆದ ಧಾರಾವಾಹಿಯ ಹಾಗೆ ಜಾರುತ್ತಾ ಕಾಣುತ್ತದೆ. ಎಲ್‌ಜಿಯಲ್ಲಿ ಇದರ ಹೆಸರು ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಸ್ಯಾಮ್‌ಸಂಗ್‌ನಲ್ಲಿ ಆಟೋ ಮೋಷನ್ ಪ್ಲಸ್ ಅಥವಾ ಪಿಕ್ಚರ್ ಕ್ಲಾರಿಟಿ. ಸಿನಿಮಾಕ್ಕೆ ಇದನ್ನು ಆಫ್ ಮಾಡಲೇಬೇಕು. 2021ರ ‘ಗರುಡ ಗಮನ ವೃಷಭ ವಾಹನ’ ಇದರಿಂದ ಎಷ್ಟು ಕೆಡುತ್ತದೆ ಎಂದು ನೋಡಿದರೆ ಬೇಸರವಾಗುತ್ತದೆ. ಮಂಗಳೂರಿನ ಮಂಗಳಾದೇವಿ ಆಸುಪಾಸಿನ ಆ ಕತೆಯಲ್ಲಿ ನಿರ್ದೇಶಕ ರಾಜ್ ಬಿ. ಶೆಟ್ಟಿ ಹಿಂಸೆಯನ್ನು ಸುಮ್ಮನೆ ಮೈಮೇಲೆ ಎಸೆಯುವುದಿಲ್ಲ. ಅಲ್ಲಾಡದ ಫ್ರೇಮು, ಮಾತಿಲ್ಲದ ಹೊತ್ತು, ಆಮೇಲೆ ಥಟ್ಟನೆ ಒಂದು ಪೆಟ್ಟು. ಅವರದೇ ಪಾತ್ರವಾದ ಶಿವ ಹುಲಿವೇಷದ ಹೆಜ್ಜೆ ಹಾಕುವಲ್ಲಿ ಕಾಲು ನೆಲಕ್ಕೆ ಬೀಳುವ ಭಾರ ನೋಡುವವನಿಗೆ ಗೊತ್ತಾಗಬೇಕು. ಟಿವಿ ನಡುವೆ ಫ್ರೇಮು ತುಂಬಿಸಿದರೆ ಆ ಭಾರವೇ ಹೋಗಿ ಕಾಲು ಗಾಳಿಯಲ್ಲಿ ತೇಲಿದ ಹಾಗಾಗುತ್ತದೆ. ಅಲ್ಲಿ ಕೈಕಾಲಿನ ಸುತ್ತ ಒಂದು ಮಸುಕು ಅಂಚು ಕಂಡರೆ ಈ ಫ್ರೇಮು ತುಂಬಿಸುವ ಸೆಟ್ಟಿಂಗ್ ಇನ್ನೂ ಆನ್ ಇದೆ ಎಂದೇ ಅರ್ಥ. ಕೆಲವು ಟಿವಿಗಳಲ್ಲಿ ಪ್ರತಿ ಎಚ್‌ಡಿಎಂಐ ಪೋರ್ಟಿಗೂ ಪ್ರತಿ ಪಿಕ್ಚರ್ ಮೋಡಿಗೂ ಪ್ರತ್ಯೇಕವಾಗಿ ಆಫ್ ಮಾಡಬೇಕಾಗುತ್ತದೆ, ಒಂದು ಕಡೆ ಮಾಡಿ ಬಿಟ್ಟರೆ ಸಾಲದು.

ಧಾರಾವಾಹಿಗಳ ಲೆಕ್ಕ ಬೇರೆ. ನಮ್ಮ ದೇಶದ ಟಿವಿ ಪ್ರಸಾರ 50 ಹರ್ಟ್ಸ್‌ನದ್ದು, ಅಂದರೆ ಸೆಕೆಂಡಿಗೆ 25 ಫ್ರೇಮು. ಸ್ಟಿಕ್ ಅಥವಾ ಆಂಡ್ರಾಯ್ಡ್ ಬಾಕ್ಸ್ ಮಾತ್ರ 60 ಹರ್ಟ್ಸ್‌ನಲ್ಲಿ ಕೂತಿರುತ್ತದೆ. 60ನ್ನು 25ರಿಂದ ಭಾಗಿಸಿದರೆ 2.4, ಸಮವಾಗಿ ಹಂಚಲು ಬರುವುದಿಲ್ಲ. ಒಂದು ಫ್ರೇಮು ಎರಡು ಸಲ, ಮತ್ತೊಂದು ಮೂರು ಸಲ ತೋರಿಸಬೇಕಾಗಿ ಬರುತ್ತದೆ. ಆಪಿನಲ್ಲಿ ಧಾರಾವಾಹಿ ನೋಡುವಾಗ ಕ್ಯಾಮೆರಾ ನಿಧಾನವಾಗಿ ತಿರುಗಿದರೆ ಅಥವಾ ಕೆಳಗೆ ಅಕ್ಷರದ ಪಟ್ಟಿ ಓಡಿದರೆ ಆ ಎಡವು ಕಣ್ಣಿಗೆ ಹೊಡೆಯುತ್ತದೆ. ಫೈರ್ ಟಿವಿಯಲ್ಲಿ ‘ಮ್ಯಾಚ್ ಒರಿಜಿನಲ್ ಫ್ರೇಮ್ ರೇಟ್’, ಗೂಗಲ್ ಟಿವಿಯಲ್ಲಿ ‘ಮ್ಯಾಚ್ ಕಂಟೆಂಟ್ ಫ್ರೇಮ್ ರೇಟ್’ ಆನ್ ಮಾಡಿ. ಎಲ್ಲ ಆಪುಗಳೂ ಇದಕ್ಕೆ ಒಗ್ಗುವುದಿಲ್ಲ, ಒಗ್ಗಿದಲ್ಲಿ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಡಿಟಿಎಚ್ ಬಾಕ್ಸಿನಲ್ಲಿ ವಿಡಿಯೋ ಔಟ್‌ಪುಟ್ 1080ಐ, 50 ಹರ್ಟ್ಸ್ ಎಂದಿರಲಿ.

ಈಗ ನೀರಿನ ವಿಚಾರ. ನಮ್ಮ ಸಿನಿಮಾಗಳಿಗೆ ಅತಿ ಹೆಚ್ಚು ಪೆಟ್ಟು ಬೀಳುವುದು ಇಲ್ಲೇ, ಮಾತಾಡುವವರು ಮಾತ್ರ ಕಡಿಮೆ. ಸ್ಟ್ರೀಮಿಂಗ್‌ನಲ್ಲಿ ಚಿತ್ರವನ್ನು ಕುಗ್ಗಿಸಿ ಕಳುಹಿಸುವಾಗ ಹಿಂದಿನ ಫ್ರೇಮಿಗಿಂತ ಬದಲಾದ ಭಾಗವನ್ನಷ್ಟೇ ಕಳುಹಿಸುವುದು ಕ್ರಮ. ಬೆಂಗಳೂರಿನ ಸೆಟ್ಟಿನಲ್ಲಿ ಅತ್ತೆ-ಸೊಸೆ ಸೋಫಾದಲ್ಲಿ ಕೂತು ಮಾತಾಡಿದರೆ ಬದಲಾಗುವುದು ಬಾಯಿ, ಕಣ್ಣು ಅಷ್ಟೇ. ಗೋಡೆ, ಪರದೆ, ಹೂದಾನಿ ಎಲ್ಲ ಇದ್ದ ಹಾಗೆ. ಮಳೆ ಬಂದರೆ ಫ್ರೇಮಿನ ಮೂಲೆ ಮೂಲೆಯೂ ಪ್ರತಿ ಕ್ಷಣ ಬದಲು. ಕಡಲಿನ ನೊರೆ, ಬೆಂಕಿಯ ಕಿಡಿ, ಗಾಳಿಗೆ ಅಲುಗುವ ಕಾಡಿನ ಎಲೆ, ಕಂಬಳದ ಕೆಸರುನೀರು, ಎಲ್ಲವೂ ಅದೇ ಜಾತಿಯವು. ಬಿಟ್‌ರೇಟ್ (ಸೆಕೆಂಡಿಗೆ ಬರುವ ಡೇಟಾ) ಸಾಲದಿದ್ದರೆ ಇವೆಲ್ಲ ಚೌಕ ಚೌಕವಾಗಿ ಒಡೆಯುತ್ತವೆ, ಕತ್ತಲೆಯ ಆಕಾಶದಲ್ಲಿ ಮೆಟ್ಟಿಲಿನಂತಹ ಪಟ್ಟಿಗಳು ಏಳುತ್ತವೆ. ಹೀಗಾಗಿ ಅದೇ ಇಂಟರ್‌ನೆಟ್‌ನಲ್ಲಿ ಧಾರಾವಾಹಿ ಚಂದ ಕಾಣುತ್ತದೆ, ನಮ್ಮೂರಿನ ಸಿನಿಮಾ ಕೆಟ್ಟದಾಗಿ ಕಾಣುತ್ತದೆ.

1080ಪಿ ಚಿತ್ರಕ್ಕೆ 5 ಎಂಬಿಪಿಎಸ್, 4ಕೆಗೆ 15 ಎಂಬಿಪಿಎಸ್ ಬೇಕೆಂದು ನೆಟ್‌ಫ್ಲಿಕ್ಸ್ ಹೇಳುತ್ತದೆ. 5 ಎಂಬಿಪಿಎಸ್ ಎಂದರೆ ಗಂಟೆಗೆ ಸುಮಾರು 2.25 ಜಿಬಿ, ಎರಡೂವರೆ ಗಂಟೆಯ ಸಿನಿಮಾಕ್ಕೆ ಐದೂವರೆ ಜಿಬಿ ದಾಟುತ್ತದೆ. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕಿನಲ್ಲಿ ಹಾಟ್‌ಸ್ಪಾಟ್ ಹಾಕಿ ನೋಡುವವರಿಗೆ ಇಂಟರ್ವಲ್ ಹೊತ್ತಿಗೆ ಡೇಟಾ ಮುಗಿಯುತ್ತದೆ, ಇಲ್ಲವೇ ಆಪ್ ತಾನಾಗಿ ಗುಣಮಟ್ಟ ಇಳಿಸಿಬಿಡುತ್ತದೆ. ಮನೆಗೆ ಫೈಬರ್ ಇದ್ದೂ ಚಿತ್ರ ಮಸುಕಾದರೆ ಗೋಡೆಯ ಕಡೆ ನೋಡಿ. ನಮ್ಮಲ್ಲಿ ಕೆಂಪುಕಲ್ಲಿನ ದಪ್ಪ ಗೋಡೆಗಳು, ಮಳೆಗಾಲದಲ್ಲಿ ತೇವ ಬೇರೆ ಹೀರಿಕೊಂಡಿರುತ್ತವೆ. 5 ಗಿಗಾಹರ್ಟ್ಸ್ ವೈಫೈ ಅಂಥ ಎರಡು ಗೋಡೆ ದಾಟುವಷ್ಟರಲ್ಲಿ ಸೋತುಹೋಗುತ್ತದೆ. ರೂಟರನ್ನು ಟಿವಿ ಇರುವ ಕೋಣೆಗೆ ತರುವುದು ಒಂದು ದಾರಿ, ಕ್ಯಾಟ್ 6 ಕೇಬಲ್ ಎಳೆದು ಟಿವಿಯ ಲ್ಯಾನ್ ಪೋರ್ಟಿಗೆ ಹಾಕುವುದು ಇನ್ನೂ ಗಟ್ಟಿಯಾದ ದಾರಿ. ಟಿವಿಯ ಲ್ಯಾನ್ ಪೋರ್ಟ್ ಬಹುತೇಕ 100 ಎಂಬಿಪಿಎಸ್‌ನದ್ದೇ ಆದರೂ ಸಿನಿಮಾಕ್ಕೆ ಧಾರಾಳ ಸಾಕು. ಸ್ಟಿಕ್ ಟಿವಿಯ ಹಿಂದೆ ಗೋಡೆಗೆ ಒತ್ತಿಕೊಂಡಿದ್ದರೆ ಅದರ ಜೊತೆ ಬರುವ ಗಿಡ್ಡ ಎಚ್‌ಡಿಎಂಐ ತುಂಡನ್ನು ಬಳಸಿ ಸ್ವಲ್ಪ ಹೊರಗೆ ತನ್ನಿ.

ವೇಗವೆಲ್ಲ ಸರಿ ಇದ್ದೂ 480ಪಿಗಿಂತ ಮೇಲೆ ಏರದಿದ್ದರೆ ಕಾರಣ ಎರಡರಲ್ಲಿ ಒಂದು. ಚಂದಾ ಯೋಜನೆಯೇ ಕಡಿಮೆ ಗುಣಮಟ್ಟದ್ದಾಗಿರಬಹುದು. ಅಥವಾ ಬಾಕ್ಸಿನಲ್ಲಿ ವೈಡ್‌ವೈನ್ (ನಕಲು ತಡೆಯುವ ವ್ಯವಸ್ಥೆ) ಎಲ್1 ಪರವಾನಗಿ ಇಲ್ಲದಿರಬಹುದು. ಹೆಸರಿಲ್ಲದ ಅಗ್ಗದ ಆಂಡ್ರಾಯ್ಡ್ ಬಾಕ್ಸುಗಳಲ್ಲಿ ಎಲ್3 ಮಾತ್ರ ಇರುತ್ತದೆ, ಅಂಥವುಗಳಿಗೆ ಒಟಿಟಿಗಳು ಎಚ್‌ಡಿ ಕೊಡುವುದಿಲ್ಲ. ಪ್ಲೇ ಸ್ಟೋರಿನಲ್ಲಿ ಸಿಗುವ ಡಿಆರ್‌ಎಂ ಇನ್ಫೋ ಎಂಬ ಆಪ್ ಹಾಕಿದರೆ ಯಾವ ಮಟ್ಟದ್ದು ಎಂದು ತೋರಿಸುತ್ತದೆ. ಎಲ್3 ಬಂದರೆ ದುರಸ್ತಿ ಎಂಬುದಿಲ್ಲ, ಬೇರೆ ಬಾಕ್ಸ್ ತರಬೇಕು.

ಡಿಟಿಎಚ್ ಇದ್ದವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹೊರಗೂ ತೊಂದರೆ ಕೊಡುತ್ತದೆ. ಡಿಟಿಎಚ್ ಸಿಗ್ನಲ್ ಬರುವ ಕೆಯು ಬ್ಯಾಂಡಿನ ಅಲೆಗಳನ್ನು ಮಳೆಹನಿ ಹೀರಿಕೊಳ್ಳುತ್ತದೆ, ಜಡಿಮಳೆಗೆ ಐದು-ಹತ್ತು ನಿಮಿಷ ಸಿಗ್ನಲ್ ಹೋಗುವುದು ಸಹಜ. ಸಣ್ಣ ತುಂತುರಿಗೇ ಹೋದರೆ ಮಾತ್ರ ದೋಷ ನಿಮ್ಮ ಮಾಡಿನ ಮೇಲೇ ಉಂಟು. ಮಂಗಳೂರಿನಿಂದ ನೋಡಿದರೆ ಡಿಡಿ ಫ್ರೀ ಡಿಶ್ ಬರುವ 93.5 ಡಿಗ್ರಿ ಪೂರ್ವದ ಉಪಗ್ರಹ ಇರುವುದು ಆಗ್ನೇಯ ದಿಕ್ಕಿನಲ್ಲಿ, ದಿಗಂತದಿಂದ ಸುಮಾರು 63 ಡಿಗ್ರಿ ಮೇಲೆ. ಆ ದಿಕ್ಕಿನಲ್ಲಿ ತೆಂಗಿನ ಗರಿ ಅಡ್ಡ ಬರುತ್ತದೆಯೇ ನೋಡಿ. ಬೇಸಿಗೆಯಲ್ಲಿ ಡಿಶ್ ಕೂರಿಸುವಾಗ ಇಲ್ಲದ ಗರಿ ಮಳೆಗಾಲಕ್ಕೆ ಬಂದಿರುತ್ತದೆ, ಒದ್ದೆ ಗರಿ ಒಣಗರಿಗಿಂತ ಹೆಚ್ಚು ತಡೆಯುತ್ತದೆ. ಎರಡನೆಯದು ಕೇಬಲಿನ ತುದಿಯ ಕನೆಕ್ಟರ್. ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿದು ಒಳಗಿನ ತಾಮ್ರ ಹಸಿರುಗಟ್ಟುತ್ತದೆ. ತುದಿಯನ್ನು ಕತ್ತರಿಸಿ ಹೊಸ ಕನೆಕ್ಟರ್ ಹಾಕಿ, ರಬ್ಬರ್ ಟೇಪ್ ಎಳೆದು ಬಿಗಿಯಾಗಿ ಸುತ್ತಿ, ಕೇಬಲ್ ಒಳಗೆ ಬರುವ ಮುಂಚೆ ಕೆಳಕ್ಕೆ ಒಂದು ಬಳುಕು ಬಿಡಿ, ನೀರು ಅಲ್ಲಿಂದ ತೊಟ್ಟಿಕ್ಕಿ ಹೋಗುತ್ತದೆ. 60 ಸೆಂಟಿಮೀಟರಿನ ಡಿಶ್ ಬದಲು 90ರದ್ದು ಹಾಕಿದರೆ 3.5 ಡೆಸಿಬೆಲ್ ಹೆಚ್ಚುವರಿ ಸಿಗುತ್ತದೆ, ಎಷ್ಟೋ ಮಳೆ ತಡೆದುಕೊಳ್ಳುತ್ತದೆ. ಸಿಡಿಲು ಶುರುವಾಗುವ ಮೊದಲೇ ಪ್ಲಗ್ ತೆಗೆದರೆ ಮಾತ್ರ ಸಾಲದು, ಡಿಶ್ ಕೇಬಲನ್ನೂ ಬಾಕ್ಸಿನಿಂದ ಬಿಚ್ಚಿ. ಕೇಬಲಿನಲ್ಲಿ ಬಂದ ಪೆಟ್ಟು ಎಚ್‌ಡಿಎಂಐ ಮೂಲಕ ಟಿವಿಗೂ ತಲುಪುತ್ತದೆ.

ಪರದೆಯ ಮೇಲೆ-ಕೆಳಗೆ ಕಪ್ಪು ಪಟ್ಟಿ ಬಂದರೆ ‘ಜೂಮ್’ ಒತ್ತುವ ಅಭ್ಯಾಸ ದಯವಿಟ್ಟು ಬಿಡಿ. ಸ್ಕೋಪ್ (ಅಗಲ ಪರದೆಯ) ಸಿನಿಮಾದ ಅಗಲ ಎತ್ತರದ 2.39 ಪಟ್ಟು, ಟಿವಿಯ ಅಗಲ 1.78 ಪಟ್ಟು. 55 ಇಂಚಿನ ಟಿವಿಯಲ್ಲಿ ಚಿತ್ರ ಸುಮಾರು 51 ಸೆಂಟಿಮೀಟರ್ ಎತ್ತರಕ್ಕೆ ಬಂದು, ಮೇಲೆ ಕೆಳಗೆ ಎಂಟೊಂಬತ್ತು ಸೆಂಟಿಮೀಟರ್ ಖಾಲಿ ಉಳಿಯುತ್ತದೆ. ಅದನ್ನು ತುಂಬಿಸಲು ಹೋದರೆ ಎಡಬಲ ಸೇರಿ ಚಿತ್ರದ ಕಾಲು ಭಾಗ ಕತ್ತರಿಸಿ ಹೋಗುತ್ತದೆ. ಕಂಬಳದ ದೃಶ್ಯದಲ್ಲಿ ಕೋಣಗಳ ಮೂತಿ ಒಂದು ಬದಿ, ಹಿಂದೆ ಓಡುವವನ ಕೈಯ ಬೆತ್ತ ಇನ್ನೊಂದು ಬದಿ. ಜೂಮ್ ಮಾಡಿದರೆ ಎರಡೂ ಇಲ್ಲ. ಹಳೆಯದಕ್ಕೆ ಇದರ ತದ್ವಿರುದ್ಧ ತಪ್ಪು ನಡೆಯುತ್ತದೆ. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’, ಸದಾನಂದ ಸುವರ್ಣರ ದೂರದರ್ಶನ ಧಾರಾವಾಹಿ ‘ಗುಡ್ಡದ ಭೂತ’, ಇವೆಲ್ಲ 4:3 ಚೌಕಟ್ಟಿನವು. ಅಗಲಕ್ಕೆ ಎಳೆದು ತುಂಬಿಸಿದರೆ ಮುಖ ಮೂರನೇ ಒಂದು ಭಾಗ ಹೆಚ್ಚು ಅಗಲವಾಗಿ ಎಲ್ಲರೂ ದಪ್ಪಗಾಗುತ್ತಾರೆ. ಎಡಬಲದಲ್ಲಿ ಕಪ್ಪು ಪಟ್ಟಿ ಇರಲಿ, ಕತೆ ಶುರುವಾದ ಮೇಲೆ ಅದು ಕಣ್ಣಿಗೆ ಬೀಳುವುದೂ ಇಲ್ಲ. ಬಿ.ವಿ. ಕಾರಂತರ 1975ರ ‘ಚೋಮನ ದುಡಿ’ ನೋಡುವವರು ಬಣ್ಣದ ಉಷ್ಣತೆಯನ್ನು ಬೆಚ್ಚಗೆ ಇಟ್ಟೇ ನೋಡಿ. ‘ವಿವಿಡ್’ನಲ್ಲಿ ಆ ಕಪ್ಪು-ಬಿಳುಪು ನೀಲಿಗೆ ತಿರುಗಿ, ಚೋಮನ ಪಾತ್ರದ ವಾಸುದೇವ ರಾಯರ ಮುಖದ ಸುಕ್ಕುಗಳ ಬೂದಿ ಛಾಯೆಗಳು ಸತ್ತುಹೋಗುತ್ತವೆ. ಶ್ರೇಷ್ಠ ಚಿತ್ರ, ಶ್ರೇಷ್ಠ ನಟ ಎರಡೂ ರಾಷ್ಟ್ರಪ್ರಶಸ್ತಿ ಪಡೆದ ಆ ಸಿನಿಮಾದಲ್ಲಿ ಅಭಿನಯದ ಅರ್ಧ ಇರುವುದು ಆ ಸುಕ್ಕುಗಳಲ್ಲೇ.

ಸದ್ದಿನ ಬಗ್ಗೆ ಹೇಳಲಿಕ್ಕೆ ಎಲ್ಲಕ್ಕಿಂತ ಹೆಚ್ಚು ಉಂಟು. ಮಾತು ಕೇಳುವುದಿಲ್ಲ ಎಂದು ವಾಲ್ಯೂಮ್ ಏರಿಸುವುದು, ಚೆಂಡೆ ಬಂದ ಕೂಡಲೇ ಓಡಿ ಇಳಿಸುವುದು, ಪ್ರತಿ ಮನೆಯಲ್ಲೂ ನಡೆಯುವ ಕತೆ. ಕಾರಣ ಇಷ್ಟು: ಸಿನಿಮಾದ 5.1 ಸದ್ದಿನಲ್ಲಿ ಮಾತು ಹೆಚ್ಚಾಗಿ ನಡುವಿನ ಒಂದು ಚಾನೆಲಿನಲ್ಲಿ ಇರುತ್ತದೆ. ಟಿವಿಯಲ್ಲಿ ನಡುವಿನ ಸ್ಪೀಕರ್ ಇಲ್ಲ. ಆರು ಚಾನೆಲನ್ನು ಎರಡಕ್ಕೆ ಇಳಿಸುವಾಗ ಮಾತನ್ನು 3 ಡೆಸಿಬೆಲ್ ತಗ್ಗಿಸಿ ಎಡಬಲಕ್ಕೆ ಹಂಚುತ್ತಾರೆ, ಅದೇ ಎಡಬಲದಲ್ಲಿ ಮಳೆ, ಸಂಗೀತ, ಜನರ ಗದ್ದಲ ಎಲ್ಲ ಬಂದು ಕೂತಿರುತ್ತದೆ. ಟಿವಿಯ ಸ್ಪೀಕರ್ ಕೆಳಮುಖವಾಗಿ ಇರುವುದರಿಂದ ಮಾತಿನ ಮೊನೆಯೂ ಮೊಂಡಾಗುತ್ತದೆ. ಇದರ ಮೇಲೆ ನಮ್ಮ ಕೋಣೆಗಳು: ಟೈಲ್ಸ್ ನೆಲ, ಖಾಲಿ ಗೋಡೆ, ತಲೆ ಮೇಲೆ ಐದರಲ್ಲಿ ತಿರುಗುವ ಫ್ಯಾನು, ಹೊರಗೆ ಶೀಟಿನ ಮೇಲೆ ಮಳೆ.

ಖರ್ಚಿಲ್ಲದ ಉಪಾಯದಿಂದ ಶುರು ಮಾಡಿ. ಹೊರಗಿನ ಸ್ಪೀಕರ್ ಇಲ್ಲದಿದ್ದರೆ ಸ್ಟಿಕ್ಕಿನ ಸರೌಂಡ್ ಸೌಂಡ್ ಸೆಟ್ಟಿಂಗನ್ನು ‘ಪಿಸಿಎಂ’ ಅಥವಾ ಸ್ಟೀರಿಯೋಗೆ ಹಾಕಿ. ಆಪಿನಲ್ಲಿ ಒಂದೇ ಭಾಷೆ 5.1 ಎಂದೂ ಬರೀ ಹೆಸರಿನಲ್ಲೂ ಎರಡು ಸಲ ಇದ್ದರೆ 5.1 ಇಲ್ಲದ್ದನ್ನು ಆರಿಸಿ. ಟಿವಿಯ ಸೌಂಡ್ ಮೆನುವಿನಲ್ಲಿ ಎಲ್‌ಜಿಯಾದರೆ ‘ಕ್ಲಿಯರ್ ವಾಯ್ಸ್’, ಸ್ಯಾಮ್‌ಸಂಗ್ ಆದರೆ ‘ಆಂಪ್ಲಿಫೈ’, ಸೋನಿಯಾದರೆ ‘ವಾಯ್ಸ್ ಜೂಮ್’ ಹುಡುಕಿ. ‘ವರ್ಚುವಲ್ ಸರೌಂಡ್’ ಇದ್ದರೆ ತೆಗೆದುಬಿಡಿ, ಮಾತನ್ನು ಕೋಣೆಯಿಡೀ ಚದುರಿಸುವುದು ಬಿಟ್ಟು ಅದರಿಂದ ಉಪಕಾರ ಇಲ್ಲ. ‘ನೈಟ್ ಮೋಡ್’ ಅಥವಾ ‘ಆಟೋ ವಾಲ್ಯೂಮ್’ ರಾತ್ರಿ ಮಕ್ಕಳು ಮಲಗಿದ ಮೇಲೆ ಧಾರಾವಾಹಿ ನೋಡಲು ಒಳ್ಳೆಯದು, ಅಲ್ಲಿನ ಧಡ್ ಧಡ್ ಹಿನ್ನೆಲೆ ಸಂಗೀತವನ್ನು ಅದು ಚೆನ್ನಾಗಿ ಅದುಮಿಡುತ್ತದೆ. ಕೋಲದ ದೃಶ್ಯಕ್ಕೆ ಮಾತ್ರ ಬೇಡ. ಮೌನದಿಂದ ಒಮ್ಮೆಗೇ ಏಳುವ ಆ ಕೂಗೇ ದೃಶ್ಯದ ಜೀವ. ಅದನ್ನು ಮಟ್ಟ ಮಾಡಿದರೆ ಗಗ್ಗರದ (ಭೂತದ ಕಾಲ್ಗೆಜ್ಜೆಯ) ಸಣ್ಣ ಸದ್ದು ಕೂಗಿನಷ್ಟೇ ಜೋರಾಗಿ, ಕೂಗು ಗಗ್ಗರದಷ್ಟೇ ಮೆತ್ತಗಾಗಿ ಕೇಳುತ್ತದೆ.

ಸೌಂಡ್‌ಬಾರ್ ತರುವುದಾದರೆ ವ್ಯಾಟ್ ಸಂಖ್ಯೆ ನೋಡಿ ಮರುಳಾಗಬೇಡಿ. ಮೊದಲ ಅಂಕೆ ನೋಡಿ. 2.1ರಲ್ಲಿ ನಡುವಿನ ಸ್ಪೀಕರ್ ಇಲ್ಲ, 3.1ರಲ್ಲಿ ಉಂಟು. ಮಾತು ಕೇಳುವುದೇ ನಿಮ್ಮ ಸಮಸ್ಯೆಯಾದರೆ 3.1 ಬೇಕು. ದೊಡ್ಡ ಸಬ್‌ವೂಫರ್ ಇರುವ 2.1 ತಂದವರಿಗೆ ಗುಡುಗು ಮಾತ್ರ ಚೆನ್ನಾಗಿ ಕೇಳುತ್ತದೆ. ಟಿವಿಯ ಹಿಂದೆ ‘ಎಚ್‌ಡಿಎಂಐ ಎಆರ್‌ಸಿ’ ಎಂದು ಬರೆದ ಪೋರ್ಟಿಗೇ ಜೋಡಿಸಿ, ಸೆಟ್ಟಿಂಗ್‌ನಲ್ಲಿ ಸಿಇಸಿ ಆನ್ ಮಾಡಿ, ಆಗ ಒಂದೇ ರಿಮೋಟಿನಲ್ಲಿ ವಾಲ್ಯೂಮ್ ಬದಲಾಗುತ್ತದೆ. ಷೋಕೇಸಿನ ಒಳಗೆ ತಳ್ಳಿ ಇಟ್ಟರೆ ಸದ್ದು ಡಬ್ಬಿಯೊಳಗಿಂದ ಬಂದಂತಾಗುತ್ತದೆ, ಬಾರಿನ ಮುಂಭಾಗ ಹಲಗೆಯ ಅಂಚಿಗೆ ಸಮನಾಗಿರಲಿ. ಎದುರಿನ ಗೋಡೆಗೆ ಒಂದು ದಪ್ಪ ಪರದೆ, ನೆಲಕ್ಕೆ ಒಂದು ಜಮಖಾನ ಹಾಕಿದರೆ ಮಾತಿನ ಪ್ರತಿಧ್ವನಿ ಎಷ್ಟು ಇಳಿಯುತ್ತದೆ ಎಂದು ನೀವೇ ಕೇಳುವಿರಿ.

ಸದ್ದಿನ ಮಾತು ಬಂದಾಗ ಆಡುಮಾತಿನ ವಿಚಾರ ಬಿಡುವ ಹಾಗಿಲ್ಲ. ಧಾರಾವಾಹಿಗಳಲ್ಲಿ ಮಂಗಳೂರಿನ ಪಾತ್ರ ಬಂದರೆ ವಾಕ್ಯದ ಕೊನೆಗೊಂದು ‘ಮಾರಾಯ್ರೆ’ ಅಂಟಿಸಿ ಮುಗಿಸಿಬಿಡುತ್ತಾರೆ, ಉಳಿದ ವಾಕ್ಯ ಬೆಂಗಳೂರಿನದ್ದೇ. ‘ಬರುತ್ತೆ, ಹೋಗುತ್ತೆ’ ಎನ್ನುತ್ತಾ ನಡುನಡುವೆ ‘ಎಂತ’ ಸೇರಿಸಿದರೆ ಇಲ್ಲಿಯವರ ಕಿವಿಗೆ ಒಂದೇ ಕ್ಷಣದಲ್ಲಿ ಗೊತ್ತಾಗುತ್ತದೆ. ಇಲ್ಲಿ ‘ಬರ್ತದೆ, ಹೋಗ್ತದೆ’ ಆಗಬೇಕು, ಎಳೆತ ಪ್ರಶ್ನೆಯ ಕೊನೆಯಲ್ಲಿ ಬರಬೇಕು. ಈ ಪಾತ್ರಗಳಿಗೆ ನಗಿಸುವ ಕೆಲಸ ಮಾತ್ರ ಕೊಡುವುದು ನನಗೆ ತುಂಬ ಬೇಸರದ ಸಂಗತಿ. ಇದೇ ಮಾತಿನಲ್ಲಿ ಅಳುತ್ತಾರೆ, ಜಗಳ ಮಾಡುತ್ತಾರೆ, ಸಾಲ ಕೇಳುತ್ತಾರೆ. ‘ಗರುಡ ಗಮನ’ ಅದನ್ನು ಸರಿಯಾಗಿ ಮಾಡಿತು, ಅಲ್ಲಿ ಹೆದರಿಸುವವರೂ ಮಂಗಳೂರು ಕನ್ನಡವನ್ನೇ ಆಡುತ್ತಾರೆ. 2018ರ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು’ ಮಕ್ಕಳ ಬಾಯಲ್ಲಿ ಗಡಿಯ ಕನ್ನಡವನ್ನು ಇಟ್ಟು ಶ್ರೇಷ್ಠ ಮಕ್ಕಳ ಚಿತ್ರ ರಾಷ್ಟ್ರಪ್ರಶಸ್ತಿ ತಂದಿತು. ಇಂಥ ಸಿನಿಮಾ ನೋಡುವಾಗ ಆಡಿಯೋ ಟ್ರ್ಯಾಕ್ ಯಾವುದು ಎಂದು ಮೊದಲು ನೋಡಿಕೊಳ್ಳಿ. ಪ್ರೊಫೈಲಿನ ಭಾಷೆ ಹಿಂದಿ ಇದ್ದರೆ ಡಬ್ ಆದದ್ದೇ ಶುರುವಾಗುತ್ತದೆ, ಅರ್ಧ ಗಂಟೆ ನೋಡಿದ ಮೇಲೆ ಗೊತ್ತಾದರೆ ಮೊದಲಿನಿಂದ ಶುರು ಮಾಡಬೇಕು.

ತುಳು ಹಾಸ್ಯ ಸಿನಿಮಾಗಳನ್ನು ಒಬ್ಬರೇ ಕೂತು ನೋಡಬೇಡಿ. 1971ರ ‘ಎನ್ನ ತಂಗಡಿ’ಯಿಂದ ಶುರುವಾದ ತುಳು ಚಿತ್ರರಂಗಕ್ಕೆ 2011ರ ‘ಒರಿಯರ್ದೊರಿ ಅಸಲ್’ ಹೊಸ ಉಸಿರು ಕೊಟ್ಟಿತು, ಅದು ಬಂದದ್ದು ನಾಟಕದಿಂದ. ನವೀನ್ ಡಿ. ಪಡೀಲ್, ಅರವಿಂದ ಬೋಳಾರ್, ಭೋಜರಾಜ ವಾಮಂಜೂರು, ಇವರೆಲ್ಲ ರಂಗದ ಮೇಲೆ ಪಳಗಿದವರು. ಒಂದು ಮಾತು ಹೇಳಿ, ನಗು ಏಳಲಿಕ್ಕೆ ಜಾಗ ಬಿಟ್ಟು, ಮುಂದಿನದ್ದು ಹೇಳುತ್ತಾರೆ. ಟೌನ್‌ಹಾಲಿನಲ್ಲಿ ಆ ಜಾಗ ನಗುವಿನಿಂದ ತುಂಬಿರುತ್ತದೆ, ಖಾಲಿ ಹಾಲ್‌ನಲ್ಲಿ ಒಬ್ಬರೇ ನೋಡಿದರೆ ಅದೇ ಜಾಗ ಎಳೆದಂತೆ ಅನ್ನಿಸುತ್ತದೆ. ಐದಾರು ಮಂದಿ ಸೇರಿ ನೋಡಿ. ಅದಕ್ಕೂ ಮೊದಲು ಥಿಯೇಟರಿಗೇ ಹೋಗಿ, ಬಿಡುಗಡೆಯಾದ ಮೊದಲ ವಾರದಲ್ಲೇ. ಎಲ್ಲ ತುಳು ಸಿನಿಮಾಗಳೂ ಒಟಿಟಿಗೆ ಬರುವುದಿಲ್ಲ, ಕಾದು ಕೂತವರಿಗೆ ಕೆಲವು ಸಿಗುವುದೇ ಇಲ್ಲ.

ನಗುವಿನಾಚೆಗೂ ತುಳುವಿನಲ್ಲಿ ಕೆಲಸ ಆಗಿದೆ. ಅಭಯ ಸಿಂಹರ ‘ಪಡ್ಡಾಯಿ’ ಮ್ಯಾಕ್‌ಬೆತ್ ಕತೆಯನ್ನು ಮೀನುಗಾರ ಮೊಗವೀರರ ನಡುವೆ ತಂದು ನಿಲ್ಲಿಸಿತು, ಶ್ರೇಷ್ಠ ತುಳು ಚಿತ್ರ ರಾಷ್ಟ್ರಪ್ರಶಸ್ತಿಯೂ ಬಂತು. ಬೋಟಿನ ಆಸೆ, ಸಾಲ, ಕಡಲು, ಇಷ್ಟರಲ್ಲಿ ಆ ದುರಂತ ಎಷ್ಟು ಸಹಜವಾಗಿ ಕೂತುಕೊಂಡಿದೆ! ಮಲ್ಪೆಯದ್ದೇ ಇನ್ನೊಂದು, 2014ರ ‘ಉಳಿದವರು ಕಂಡಂತೆ’. ಅಷ್ಟಮಿಯ ಹೊತ್ತಿನ ಒಂದೇ ಘಟನೆಯನ್ನು ರಕ್ಷಿತ್ ಶೆಟ್ಟಿ ಬೇರೆ ಬೇರೆಯವರ ಬಾಯಲ್ಲಿ ಅಧ್ಯಾಯಗಳಾಗಿ ಹೇಳಿಸುತ್ತಾರೆ. ಬಿಡುಗಡೆಯ ಕಾಲಕ್ಕಿಂತ ಆಮೇಲೆ ಅದನ್ನು ಪ್ರೀತಿಸಿದವರು ಹೆಚ್ಚು, ಯಾಕೆಂದರೆ ಎರಡನೆಯ ಸಲ ನೋಡಿದಾಗಲೇ ಅದು ಪೂರ್ತಿ ತೆರೆದುಕೊಳ್ಳುತ್ತದೆ. ಪ್ರತಿ ಅಧ್ಯಾಯದ ಶೀರ್ಷಿಕೆ ಬಂದಾಗ ಯಾರು ಹೇಳುತ್ತಿದ್ದಾರೆ ಎಂದು ಗಮನಿಸಿ. ಅದು ತಪ್ಪಿದರೆ ಒಂದೇ ದೃಶ್ಯ ಮತ್ತೆ ಯಾಕೆ ಬಂತು ಎಂದು ತಲೆ ಕೆಡುತ್ತದೆ. ನಡುವೆ ಮೊಬೈಲ್ ತೆಗೆಯುವವರಿಗೆ ಈ ಸಿನಿಮಾ ಆಗಿಬರುವುದಿಲ್ಲ.

ಕೊನೆಗೆ ಯಕ್ಷಗಾನದ ನೇರಪ್ರಸಾರ ನೋಡುವವರಿಗೆ ಒಂದು ಸೆಟ್ಟಿಂಗ್. ಸಿನಿಮಾಕ್ಕೆ ಇಟ್ಟ ‘ಕ್ಲಿಯರ್ ವಾಯ್ಸ್’ ಇಲ್ಲಿ ಆಫ್ ಇರಲಿ. ಅದು ಭಾಗವತರ ಪದ್ಯವನ್ನೂ ಮಾತೆಂದೇ ತಿಳಿದು ಎತ್ತಿ, ಮದ್ದಳೆಯ ನಾದವನ್ನು ಹಿಂದಕ್ಕೆ ತಳ್ಳುತ್ತದೆ. ಸೌಂಡ್ ಮೋಡ್ ‘ಸ್ಟ್ಯಾಂಡರ್ಡ್’ ಅಥವಾ ‘ಮ್ಯೂಸಿಕ್’, ಬಾಸ್ ಬೂಸ್ಟ್ ಬೇಡ, ಟ್ರೆಬಲ್ ಎರಡು ಅಂಕ ಇಳಿಸಿ, ಚಕ್ರತಾಳ ಕಿವಿ ಕೊರೆಯುವುದು ನಿಲ್ಲುತ್ತದೆ. ಚೆಂಡೆಯ ಪೆಟ್ಟಿಗೆ ಸದ್ದು ಒಡೆದರೆ ವಾಲ್ಯೂಮ್ ಅರ್ಧಕ್ಕೆ ಇಳಿಸಿ ನೋಡಿ. ಆಗಲೂ ಒಡೆದರೆ ರಂಗಸ್ಥಳದ ಮೈಕಿನಲ್ಲೇ ಒಡೆದದ್ದು, ಮನೆಯಲ್ಲಿ ಮಾಡುವುದಕ್ಕೆ ಏನೂ ಇಲ್ಲ. ಸೌಂಡ್‌ಬಾರ್ ಇದ್ದು ಹೆಜ್ಜೆ ಒಂದು ಕಡೆ, ಚೆಂಡೆ ಇನ್ನೊಂದು ಕಡೆ ಆದರೆ ‘ಎವಿ ಸಿಂಕ್’ ಅಥವಾ ‘ಆಡಿಯೋ ಡಿಲೇ’ ತೆರೆಯಿರಿ. ವೇಷಧಾರಿಯ ಕಾಲು ನೆಲಕ್ಕೆ ತಾಗುವ ಕ್ಷಣ ನೋಡುತ್ತಾ 10 ಮಿಲಿಸೆಕೆಂಡಿನಂತೆ ಬದಲಿಸುತ್ತಾ ಹೋಗಿ. ಸದ್ದು ಮೊದಲೇ ಬಂದರೆ ಡಿಲೇ ಏರಿಸಿ. ತಡವಾಗಿ ಬಂದರೆ ಡಿಲೇ ಸೊನ್ನೆಗೆ ತನ್ನಿ, ಅಷ್ಟಕ್ಕೂ ಸರಿಯಾಗದಿದ್ದರೆ ಬ್ಲೂಟೂತ್ ಬಿಟ್ಟು ಕೇಬಲ್ ಹಾಕಿ.